ಮೀನುತೊಟ್ಟಿಯ ನೀರಿನ ತಾಪ: ಸಿರುಮುಗೈಯ ಮನೆಗಳಿಗೆ ಒಂದು ಕೈಪಿಡಿ

ನೀಲಗಿರಿಯ ಬುಡದಲ್ಲಿ, ಭವಾನಿ ನದಿಯ ದಂಡೆಯಲ್ಲಿರುವ ಸಿರುಮುಗೈ ರೇಷ್ಮೆ ಸೀರೆಗೆ ಹೆಸರಾದ ಊರು. ಇಲ್ಲಿ ಮಗ್ಗ ನಡೆಸುವ ದೇವಾಂಗ ಕುಟುಂಬಗಳ ಮನೆಮಾತು ಕನ್ನಡ. ಈ ಮನೆಗಳ ಮಕ್ಕಳು ಆಸೆಯಿಂದ ತಂದ ಬಣ್ಣದ ಮೀನುಗಳು ಏಪ್ರಿಲ್ ತಿಂಗಳಲ್ಲಿ ಒಂದೊಂದಾಗಿ ಸಾಯುತ್ತವೆ. ತಿಂಡಿ ಹೆಚ್ಚು ಹಾಕಿದೆ ಎಂದು ಹಿರಿಯರು ಮಗುವನ್ನೇ ಗದರಿಸುತ್ತಾರೆ. ನಾವು ಕಂಡಂತೆ, ಅನೇಕ ಸಲ ತಪ್ಪು ಮಗುವಿನದಲ್ಲ, ನೀರಿನ ತಾಪದ್ದು.

ಮೀನು ಶೀತರಕ್ತ ಪ್ರಾಣಿ. ಅದರ ದೇಹದ ಬಿಸಿ ಸುತ್ತಲಿನ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ಗಪ್ಪಿ, ಮೋಲಿ, ಏಂಜೆಲ್, ಫೈಟರ್ ಮೊದಲಾದ ಉಷ್ಣವಲಯದ ಮೀನುಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತಕರ. ಆದರೆ ಈ ಅಂಕಿಗಿಂತ ಮುಖ್ಯವಾದುದು ಏರಿಳಿತದ ವೇಗ. ನಿಧಾನವಾಗಿ 30 ಡಿಗ್ರಿಗೆ ಏರಿದ ನೀರಿಗೆ ಈ ಮೀನುಗಳು ಹೊಂದಿಕೊಳ್ಳಬಲ್ಲವು. ಒಂದೇ ಗಳಿಗೆಯಲ್ಲಿ ನಾಲ್ಕೈದು ಡಿಗ್ರಿ ಇಳಿದರೆ ಅವುಗಳ ರೋಗನಿರೋಧಕ ಶಕ್ತಿ ಕುಗ್ಗಿ, ಬಿಳಿ ಚುಕ್ಕೆ ರೋಗ ತಲೆದೋರುತ್ತದೆ. ಹಲವು ವರ್ಷಗಳ ಹಿಂದೆ, ತರಗತಿಯ ತೊಟ್ಟಿ ಕಾದಿತೆಂದು ನಾವೇ ಮಂಜುಗಡ್ಡೆಯನ್ನು ನೇರವಾಗಿ ನೀರಿಗೆ ಹಾಕಿದ್ದೆವು. ಮೂರನೆಯ ದಿನ ಮೀನುಗಳ ಮೈತುಂಬ ಉಪ್ಪಿನ ಹರಳಿನಂತಹ ಚುಕ್ಕೆಗಳು ಕಂಡವು. ಆ ಪಾಠವನ್ನು ಮಕ್ಕಳ ಮುಂದೆಯೇ ಕಲಿತೆವು.

ಬಿಸಿ ನೀರಿನ ಇನ್ನೊಂದು ಅಪಾಯ ಕಣ್ಣಿಗೆ ಕಾಣದು. 20 ಡಿಗ್ರಿಯ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು; 30 ಡಿಗ್ರಿಯಲ್ಲಿ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟದ ಅಗತ್ಯವೋ ಹೆಚ್ಚುತ್ತದೆ. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಆಗ ತಿಂಡಿ ಹಾಕಿದರೆ ನೀರು ಮತ್ತಷ್ಟು ಕೆಡುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಯಾವ ಮೀನು ಎಂಬುದು. ಅಂಗಡಿಯಲ್ಲಿ ಮಕ್ಕಳ ಕಣ್ಣು ಸೆಳೆಯುವ ಗೋಲ್ಡ್‌ಫಿಶ್ ತಂಪುನೀರಿನ ಜೀವಿ. ಅದಕ್ಕೆ 18ರಿಂದ 22 ಡಿಗ್ರಿಯ ನೀರು ಒಳ್ಳೆಯದು. ಬೇಸಿಗೆಯ ಹಗಲು 35 ಡಿಗ್ರಿ ದಾಟುವ ನಮ್ಮ ಬಯಲಿನಲ್ಲಿ ಅದನ್ನು ಗುಂಡಗಿನ ಗಾಜಿನ ಬೋಗುಣಿಯಲ್ಲಿ ಸಾಕುವುದು ಕ್ರೌರ್ಯವೆಂದೇ ನಮ್ಮ ಅಭಿಪ್ರಾಯ. ದಿಂಬಂ ಘಟ್ಟದ 27 ತಿರುವುಗಳನ್ನು ಹತ್ತಿದರೆ ಸಿಗುವ ತಾಳವಾಡಿಯ ಕನ್ನಡ ಮನೆಗಳಿಗೆ ಅದು ಹೆಚ್ಚು ಒಗ್ಗೀತು. ಸಿರುಮುಗೈಗೆ ಗಪ್ಪಿ, ಮೋಲಿ, ಗೌರಾಮಿ ಸಾಕು. ಗೌರಾಮಿ ಮತ್ತು ಫೈಟರ್ ಮೀನುಗಳು ಗಾಳಿಯನ್ನು ನೇರವಾಗಿಯೂ ಉಸಿರಾಡಬಲ್ಲವು. ವಿದ್ಯುತ್ ಹೋಗಿ ಗಾಳಿಪಂಪು ನಿಂತಾಗ ಇದೇ ಅವುಗಳನ್ನು ಉಳಿಸುತ್ತದೆ.

ಎರಡನೆಯದು ತೊಟ್ಟಿಯ ಗಾತ್ರ. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿ 54 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಮತ್ತು ಮೇಲಿನ ಖಾಲಿ ಜಾಗ ಕಳೆದು ಸುಮಾರು 45 ಲೀಟರ್ ನೀರು ನಿಲ್ಲುತ್ತದೆ. ಐದು ಲೀಟರಿನ ಬೋಗುಣಿ ಕೋಣೆಯ ಬಿಸಿಯನ್ನು ಬೇಗ ಹೀರಿ ಬೇಗ ಬಿಡುತ್ತದೆ. ದೊಡ್ಡ ತೊಟ್ಟಿಯಲ್ಲಿ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಹೊರಮೈ ಕಡಿಮೆ. ಹಗಲು ರಾತ್ರಿಗಳ ಅಂತರ ಅದರೊಳಗೆ ಮಂದವಾಗಿಯೇ ತಲುಪುತ್ತದೆ. ದುಬಾರಿ ಉಪಕರಣಕ್ಕಿಂತ ಇನ್ನಷ್ಟು ನೀರು ಅಗ್ಗದ ರಕ್ಷಣೆ.

ತೊಟ್ಟಿಯನ್ನು ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಕಿಟಕಿಯ ಎದುರು ಇಡಬಾರದು. ಮಗ್ಗದ ಪಕ್ಕವೂ ಬೇಡ. ಹಲಗೆಯ ಬಡಿತ ದಿನವಿಡೀ ಗಾಜನ್ನು ಅದುರಿಸುತ್ತದೆ. ಒಳಗೋಡೆಯ ಬದಿ, ನೆಲಕ್ಕೆ ಹತ್ತಿರದ ಗಟ್ಟಿ ಪೀಠ ಉತ್ತಮ. ಒಂದು ವಾರ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ತಾಪಮಾಪಕ ನೋಡಿ ಮಕ್ಕಳು ಕನ್ನಡ ನೋಟುಪುಸ್ತಕದಲ್ಲಿ ಬರೆಯಲಿ. ಅಂತರ ಮೂರು ಡಿಗ್ರಿ ಮೀರಿದರೆ ಸ್ಥಳ ಬದಲಿಸಬೇಕು. ವಿಜ್ಞಾನದ ಪುಸ್ತಕದಲ್ಲಿ ಓದುವ ಆವಿಯಾಗುವಿಕೆಯೂ ಇಲ್ಲೇ ಕೈಗೆ ಸಿಗುತ್ತದೆ: ಮುಚ್ಚಳ ತೆಗೆದು ಬಲೆ ಹೊದಿಸಿ, ಸಣ್ಣ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ತಾಗುವಂತೆ ಇಟ್ಟರೆ ತಾಪ ಎರಡು ಮೂರು ಡಿಗ್ರಿ ಇಳಿಯುತ್ತದೆ. ನೂಲು ಹರಿಯದಿರಲೆಂದು ತೇವ ಉಳಿಸಿಕೊಂಡ ಮಗ್ಗದ ಕೋಣೆಯಲ್ಲಿ ಈ ಉಪಾಯದ ಫಲ ಕಡಿಮೆ. ಆವಿಯಾದಷ್ಟು ನೀರನ್ನು ಮತ್ತೆ ತುಂಬುತ್ತಿರಬೇಕು.

ನೀರು ಬದಲಿಸುವ ದಿನವೇ ಹೆಚ್ಚಿನ ಸಾವು ಸಂಭವಿಸುವುದು. ಮಾಳಿಗೆಯ ಕಪ್ಪು ಪ್ಲಾಸ್ಟಿಕ್ ತೊಟ್ಟಿಯ ನೀರು ಮಧ್ಯಾಹ್ನ ಸ್ನಾನಕ್ಕೆ ಸಾಕಾಗುವಷ್ಟು ಕಾದಿರುತ್ತದೆ. ಅದನ್ನು ನೇರವಾಗಿ ಸುರಿಯಲೇಬಾರದು. ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಹಿಡಿದು ತೊಟ್ಟಿಯ ಪಕ್ಕದಲ್ಲೇ ತೆರೆದಿಟ್ಟರೆ ನೀರು ಕೋಣೆಯ ತಾಪಕ್ಕೆ ಬರುತ್ತದೆ, ಕ್ಲೋರಿನ್ ಬಹುಮಟ್ಟಿಗೆ ಹಾರಿಹೋಗುತ್ತದೆ. ಒಮ್ಮೆಗೆ ಐದನೆಯ ಒಂದು ಭಾಗ ಬದಲಿಸಿದರೆ ಸಾಕು. ಲೆಕ್ಕ ಹೀಗಿದೆ: 32 ಡಿಗ್ರಿಯ 45 ಲೀಟರಿನಲ್ಲಿ 9 ಲೀಟರ್ ತೆಗೆದು 22 ಡಿಗ್ರಿಯ ನೀರು ಸೇರಿಸಿದರೆ ಒಟ್ಟು ತಾಪ 30ಕ್ಕೆ ಇಳಿಯುತ್ತದೆ. ಅದನ್ನೂ ಅರ್ಧ ಗಂಟೆಯಲ್ಲಿ ಚೊಂಬು ಚೊಂಬಾಗಿ ಸುರಿಯಬೇಕು. ಅಂಗಡಿಯಿಂದ ತಂದ ಮೀನಿನ ಚೀಲವನ್ನೂ ಹದಿನೈದು ಇಪ್ಪತ್ತು ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಬಳಿಕವೇ ಬಿಚ್ಚಬೇಕು.

ಹೀಟರ್ ನಮ್ಮ ಬಯಲಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಮಾತ್ರ ಬೇಕಾದೀತು. ತಾಳವಾಡಿಯಲ್ಲಿ ಉಷ್ಣವಲಯದ ಮೀನು ಸಾಕುವವರಿಗೆ ಹೆಚ್ಚು ಕಾಲ ಬೇಕು. ಲೀಟರಿಗೆ ಒಂದು ವಾಟ್ ಎಂಬುದು ರೂಢಿಯ ಅಳತೆ. 50 ವಾಟಿನ ಹೀಟರ್ 45 ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಈ ನಿಧಾನವೇ ಮೀನಿಗೆ ಹಿತ. ತಾನಾಗಿ ಆರುವ ಥರ್ಮೋಸ್ಟಾಟ್ ಇಲ್ಲದ ಹೀಟರನ್ನು ಕೊಳ್ಳಬಾರದು. ನೀರಿನಿಂದ ಹೊರತೆಗೆದು ಹೊತ್ತಿಸಿದರೆ ಅದರ ಗಾಜು ಒಡೆಯುತ್ತದೆ. ತೊಟ್ಟಿಗೆ ಕೈ ಹಾಕುವ ಮೊದಲು ಪ್ಲಗ್ಗನ್ನು ಪೂರ್ತಿ ಕಿತ್ತಿಡಬೇಕು. ಮನೆಯ ಹಿರಿಯರು ಇದನ್ನು ಮಕ್ಕಳಿಗೆ ಬಿಡದೆ ತಾವೇ ಮಾಡಬೇಕು.