ಗಾಯ ಒಂದೇ, ಗಡಿ ಬೇರೆ

ನಾಸಿಕ್‌ನಿಂದ ಛತ್ರಪತಿ ಸಂಭಾಜಿನಗರದ ಕಡೆಗೆ ಹೋಗುವಾಗ ನನಗೆ ಒಂದು ಹಳೇ ಗಡಿ ನೆನಪಾಗುತ್ತೆ. 1924ರ ಜುಲೈ 1ರಂದು ಕಾರ್ಮಿಕ ಪರಿಹಾರ ಕಾಯ್ದೆ ಜಾರಿಗೆ ಬಂದಾಗ ನಾಸಿಕ್ ನಮ್ಮ ಧಾರವಾಡದಂತೆಯೇ ಮುಂಬೈ ಪ್ರಾಂತ್ಯದಲ್ಲಿತ್ತು. ಆಗಿನ ಔರಂಗಾಬಾದ್ ನಮ್ಮ ಕಲಬುರಗಿಯಂತೆ ನಿಜಾಮರ ರಾಜ್ಯದಲ್ಲಿತ್ತು. ಬ್ರಿಟಿಷ್ ಇಂಡಿಯಾದ ಆ ಕಾಯ್ದೆ ಅಲ್ಲಿ ನಡೀತಿರಲಿಲ್ಲ. ಯಂತ್ರಕ್ಕೆ ಕೈ ಸಿಕ್ಕರೆ ಈ ಕಾಯ್ದೆ ಕಾಪಾಡುತ್ತಾ ಅನ್ನೋದು ಊರಿನ ಮೇಲಿತ್ತು.

ಈಗಿನ ಗಡಿ ಆಫೀಸಿನ ಒಳಗೇ ಇದೆ. ಕಾಯಂ ಸರ್ಕಾರಿ ನೌಕರನಿಗೆ ಸೇವಾ ನಿಯಮಗಳಿವೆ. ಪಕ್ಕದಲ್ಲೇ ದುಡಿಯೋ ಗುತ್ತಿಗೆಯವನಿಗೆ ಪೆಟ್ಟಾದರೆ "ಕಂಟ್ರಾಕ್ಟರ್‌ನ ಕೇಳು" ಅಂತಾರೆ. ಆದರೆ 1923ರ ಆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೆಲಸ ಮಾಡಿಸಿಕೊಂಡವರೇ ಪರಿಹಾರ ಕೊಡಬೇಕಿತ್ತು; ಆಮೇಲೆ ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಿಕೊಳ್ಳಬಹುದಿತ್ತು. ಸರ್ಕಾರಿ ಇಲಾಖೆಯ ಕರ್ತವ್ಯವನ್ನೂ ಇದಕ್ಕಾಗಿ ಅದರ ವ್ಯವಹಾರ ಅಂತಲೇ ಎಣಿಸಬೇಕು ಅಂತ 2ನೇ ಸೆಕ್ಷನ್ ಹೇಳಿತ್ತು.

ನಮ್ಮಂಥ ವಲಸಿಗರಿಗೆ ಮುಖ್ಯವಾದದ್ದು 1995ರ ತಿದ್ದುಪಡಿ. ಅಪಘಾತ ಆದ ಊರಲ್ಲೇ ಅಲೆಯಬೇಕಿಲ್ಲ. ಗಾಯಾಳು ತಾನು ವಾಸಿಸುವ ಕಡೆಯ ಆಯುಕ್ತರ ಮುಂದೆಯೂ ಅರ್ಜಿ ಹಾಕಬಹುದು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಅವಕಾಶ ಉಳಿದಿದೆ. ನಾಸಿಕ್‌ನಲ್ಲಿ ಬಿದ್ದು ಕಲಬುರಗಿಯ ಮನೆ ಸೇರಿದವನಿಗೆ ಇದನ್ನ ಹೇಳೋರು ಬೇಕು. ನಿಮಗೆ ಗೊತ್ತಿರೋರು ಯಾರಾದರೂ ಇದ್ದರೆ ಇವತ್ತೇ ಹೇಳಿ.