ಸುಣ್ಣದ ಕೆಳಗಣ ಚಿತ್ರ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಮಾರ್ಗದಲ್ಲಿರುವ ತಾಂಡವಪುರದಂತಹ ಗ್ರಾಮಗಳಲ್ಲಿ ಮುಂಜಾನೆಯ ಚಿತ್ರಕಲೆಯು ಅಳಿಸುವುದರಿಂದಲೇ ಮೊದಲಾಗುವುದು. ಗೃಹಿಣಿಯು ನಿನ್ನೆಯ ರಂಗವಲ್ಲಿಯನ್ನು ಗುಡಿಸಿ, ನೀರು ಚಿಮುಕಿಸಿ, ಅದೇ ನೆಲದ ಮೇಲೆ ಚುಕ್ಕಿಗಳನ್ನಿಟ್ಟು ಎಳೆಗಳನ್ನು ಸುತ್ತುವಳು. ಆ ಎಳೆಗಳು ಯಾವ ವಸ್ತುವನ್ನೂ ಹೋಲಬೇಕಾಗಿಲ್ಲ. ಗೆರೆಯ ಬಳುಕೇ ಅವುಗಳ ಅರ್ಥ. ಅಳಿದುದಕ್ಕಾಗಿ ಆಕೆ ಮರುಗುವುದಿಲ್ಲ. ಚಿತ್ರವು ನೆಲದಲ್ಲಿಲ್ಲ, ಕೈಯಲ್ಲಿದೆ ಎಂಬುದನ್ನು ಆಕೆ ಬಲ್ಲಳು.

ಗೋಡೆಯ ಮೇಲಣ ಚಿತ್ರಕ್ಕೆ ಈ ಮಾತು ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಚರಿತ್ರೆಯಿಂದ ತಿಳಿಯಬಹುದು. ಟಿಪ್ಪು ಸುಲ್ತಾನನು ಕಾವೇರಿಯ ದಡದ ತೋಟದಲ್ಲಿ 1784ರಲ್ಲಿ ಕಟ್ಟಿಸಿದ ಈ ಬೇಸಗೆಯ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರಿನ ಯುದ್ಧವು ಚಿತ್ರಿತವಾಗಿದೆ. 1780ರ ಸೆಪ್ಟೆಂಬರಿನಲ್ಲಿ ಕಂಚಿಯ ಬಳಿ ಹೈದರನೂ ಟಿಪ್ಪುವೂ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಪ್ರಸಂಗವಿದು. ಮದ್ದಿನ ಬಂಡಿ ಸಿಡಿಯುತ್ತಿದೆ. ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಕೆಂಪಂಗಿಯ ಸಿಪಾಯಿಗಳು ರಂಗವಲ್ಲಿಯ ಚುಕ್ಕಿಗಳಂತೆ ಸಾಲುಗಟ್ಟಿದ್ದಾರೆ. ದೂರ ಸಮೀಪಗಳ ನಿಯಮಕ್ಕೆ ಚಿತ್ರಕಾರನು ಕಟ್ಟುಬಿದ್ದಿಲ್ಲ. ಘೋರವಾದ ರಣರಂಗದಲ್ಲಿಯೂ ಅವನ ಕುಂಚವು ಆಟವಾಡಿದೆ.

ಆದರೆ ಇಂದು ಕಾಣುವುದು ಮೊದಲಿನ ಬಣ್ಣವೇ ಅಲ್ಲ. 1799ರ ಮುತ್ತಿಗೆಗೆ ಮುಂಚೆಯೇ ಚಿತ್ರಗಳು ಕೆಟ್ಟಿದ್ದವು. ಪಟ್ಟಣವು ಬಿದ್ದ ತರುವಾಯ ಅಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅವುಗಳನ್ನು ಸರಿಪಡಿಸಿದನು. ಗೆದ್ದವನೇ ತನ್ನವರ ಸೋಲಿನ ಚಿತ್ರವನ್ನು ಉಳಿಸಿದುದು ವಿಚಿತ್ರವಲ್ಲವೆ! ಆಮೇಲೆ ಸುಣ್ಣ ಬಳಿದು ಅವು ಮತ್ತೆ ಮರೆಯಾದವು. ಗವರ್ನರ್ ಜನರಲ್ ಡಾಲ್‌ಹೌಸಿಯು ಮೈಸೂರು ಸೀಮೆಗೆ ಬಂದಾಗ, ಮೂಲವನ್ನು ಕಂಡು ನೆನಪಿನಲ್ಲಿಟ್ಟುಕೊಂಡಿದ್ದ ಒಬ್ಬ ದೇಶೀಯ ಚಿತ್ರಕಾರನಿಂದ ಅವುಗಳನ್ನು ಪುನಃ ಬರೆಯಿಸಲು ಆಜ್ಞಾಪಿಸಿದನು.

ನೆನಪಿನಿಂದ ಬರೆಯುವವನು ಕೇವಲ ನಕಲುಗಾರನಾಗಲಾರನು. ಮರೆತ ಎಡೆಯಲ್ಲಿ ಅವನ ಕೈಯೇ ಮಾರ್ಗವನ್ನು ಹುಡುಕಬೇಕು. ಚಿತ್ರವು ಹೀಗೆ ಮರುಹುಟ್ಟು ಪಡೆಯಿತು. ಆದರೆ ಮೊದಲಿನವನ ಗೆರೆಯು ಎಲ್ಲಿ ಮುಗಿದು ಎರಡನೆಯವನದು ಎಲ್ಲಿ ಮೊದಲಾಯಿತೆಂಬುದು ಕಣ್ಣಿಗೆ ಮರೆಯಾಯಿತು. ಲಾಭವೂ ನಷ್ಟವೂ ಒಂದೇ ಕುಂಚದಿಂದ ಆದುವು.

ಆದುದರಿಂದಲೇ ಈಗ ಭಾರತೀಯ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಆ ಗೋಡೆಯನ್ನು ಇದ್ದಂತೆಯೇ ಕಾಯುವುದು ಧರ್ಮ. ಪೂರ್ವಿಕರ ಕೃತಿಯ ಮೇಲೆ ಬಣ್ಣ ಬಳಿಯುವ ಅಧಿಕಾರವು ಯಾರಿಗೂ ಇಲ್ಲ. ತನ್ನ ಕೃತಿಯ ಮಾತು ಬೇರೆ. ಹಳೆಯ ಪಟಗಳನ್ನು ಕಾಯುತ್ತ ಕುಳಿತು ಕೈ ಜಡವಾದ ಕಲಾವಿದನು ಅವುಗಳ ಮೇಲೆಯೇ ಹೊಸ ಬಣ್ಣವನ್ನಾಡಿಸಿದರೆ ಅದು ದ್ರೋಹವಲ್ಲ. ತಾಂಡವಪುರದ ಅಂಗಳದಲ್ಲಿ ಪ್ರತಿದಿನವೂ ನಡೆಯುವ ಪಾಠವು ಅದೇ: ಗೋಡೆಯನ್ನು ಕಾಯಬೇಕು, ಅಂಗಳವನ್ನು ಗುಡಿಸಬೇಕು.