ಸರ್ಚ್‌ಲೈಟ್ ಕನ್ನಡಿಯಲ್ಲಿ ನಕ್ಷತ್ರ ಅಳೆದವರು

ಆಕಾಶದಲ್ಲಿ ಅತಿ ಹೆಚ್ಚು ಹೊಳೆಯುವ ನಕ್ಷತ್ರ ಲುಬ್ಧಕ, ಅಂದರೆ ಸಿರಿಯಸ್. ಆಗಿನ ಎಷ್ಟು ದೊಡ್ಡ ದೂರದರ್ಶಕದಲ್ಲಿ ನೋಡಿದರೂ ಅದು ಬರೀ ಚುಕ್ಕಿ. ಆ ಚುಕ್ಕಿಯ ಅಗಲವನ್ನು 1955-56ರ ಚಳಿಗಾಲದಲ್ಲಿ ಇಂಗ್ಲೆಂಡಿನ ಜೋಡ್ರೆಲ್ ಬ್ಯಾಂಕ್‌ನಲ್ಲಿ ಇಬ್ಬರು ಅಳೆದುಬಿಟ್ಟರು. ಯಾವುದರಿಂದ ಗೊತ್ತೇ? ಸೈನ್ಯದ ಎರಡು ಸರ್ಚ್‌ಲೈಟ್ ಕನ್ನಡಿಗಳಿಂದ! ಮೋಡ ಕವಿಯುವ ಊರು, ಐದು ತಿಂಗಳಲ್ಲಿ ಸಿಕ್ಕಿದ್ದು ಬರೀ 18 ಗಂಟೆಗಳ ವೀಕ್ಷಣೆ.

ಒಬ್ಬರು ರಾಬರ್ಟ್ ಹ್ಯಾನ್ಬರಿ ಬ್ರೌನ್. ಹುಟ್ಟಿದ್ದು 1916ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ. ಯುದ್ಧಕಾಲದಲ್ಲಿ ರಾಡಾರ್ ಇಂಜಿನಿಯರ್. ಇನ್ನೊಬ್ಬರು ಗಣಿತದಲ್ಲಿ ಗಟ್ಟಿಗ ರಿಚರ್ಡ್ ಟ್ವಿಸ್.

ಉಪಾಯ ಸರಳ. ನಕ್ಷತ್ರದ ಬೆಳಕಿನ ತೀವ್ರತೆ ಅತಿ ವೇಗವಾಗಿ ಏರಿಳಿಯುತ್ತಿರುತ್ತದೆ (ಮಿನುಗುವುದಲ್ಲ, ಅದು ನಮ್ಮ ಗಾಳಿಯ ಆಟ). ಅಕ್ಕಪಕ್ಕದ ಎರಡು ಕನ್ನಡಿಗಳಲ್ಲಿ ಈ ಏರಿಳಿತ ಒಂದಕ್ಕೊಂದು ತಾಳೆಯಾಗುತ್ತದೆ. ಕನ್ನಡಿಗಳನ್ನು ದೂರ ಸರಿಸಿದಂತೆ ತಾಳೆ ತಪ್ಪುತ್ತದೆ. ಎಷ್ಟು ದೂರಕ್ಕೆ ತಪ್ಪಿತು ಎಂಬುದರಲ್ಲೇ ನಕ್ಷತ್ರದ ಅಗಲದ ಲೆಕ್ಕ ಇದೆ.

ಭೌತವಿಜ್ಞಾನಿಗಳು ಒಪ್ಪಲಿಲ್ಲ. ಬೆಳಕು ಎಂದರೆ ಫೋಟಾನುಗಳು. ಇಲ್ಲಿ ಬಿದ್ದ ಫೋಟಾನಿಗೂ ಅಲ್ಲಿ ಬಿದ್ದ ಫೋಟಾನಿಗೂ ಎಲ್ಲಿಯ ನಂಟು? ಹಂಗೇರಿ, ಕೆನಡಾಗಳಲ್ಲಿ ಪ್ರಯೋಗ ಮಾಡಿದವರು ಫೋಟಾನುಗಳನ್ನು ಎಣಿಸಿ ನೋಡಿ, ನಂಟು ಇಲ್ಲ ಎಂದರು. ಬ್ರೌನ್-ಟ್ವಿಸ್ ಜೋಡಿ ಅವರ ಉಪಕರಣಗಳನ್ನೇ ಲೆಕ್ಕಕ್ಕೆ ಹಾಕಿದರು: ಕೆನಡಾದವರಿಗೆ ಆ ನಂಟು ಕಾಣಬೇಕಾದರೆ ಸಾವಿರ ವರ್ಷ ಎಣಿಸುತ್ತ ಕೂರಬೇಕಿತ್ತು! 1956ರಲ್ಲೇ ಎಡ್ವರ್ಡ್ ಪರ್ಸೆಲ್ ಕೂಡ ಇವರ ಪರ ನಿಂತರು. ಈ ಜಗಳವೇ ಮುಂದೆ ಕ್ವಾಂಟಮ್ ಆಪ್ಟಿಕ್ಸ್‌ಗೆ ದಾರಿಯಾಯಿತು.

ಆಮೇಲೆ ಆಸ್ಟ್ರೇಲಿಯಾದ ನಾರಾಬ್ರಿಯಲ್ಲಿ 188 ಮೀಟರ್ ವ್ಯಾಸದ ದುಂಡನೆಯ ರೈಲುಹಳಿ ಹಾಕಿ, ಅದರ ಮೇಲೆ 6.5 ಮೀಟರಿನ ಎರಡು ಪ್ರತಿಫಲಕಗಳನ್ನು ಓಡಿಸಿ 32 ನಕ್ಷತ್ರಗಳನ್ನು ಅಳೆದರು. ಪಟ್ಟಿ 1974ರಲ್ಲಿ ಪ್ರಕಟವಾಯಿತು. ಆದರೆ ಈ ವಿಧಾನಕ್ಕೆ ಪ್ರಕಾಶಮಾನ ನಕ್ಷತ್ರಗಳೇ ಬೇಕು. ಹಾಗಾಗಿ ಸುಮಾರು ನಾಲ್ಕು ದಶಕ ಅದು ಮೂಲೆ ಸೇರಿತು.

ಅದನ್ನು ಮತ್ತೆ ಎಬ್ಬಿಸಿದ್ದು ವೇಗದ ಉಪಕರಣಗಳು. 2017ರಲ್ಲಿ ಫ್ರಾನ್ಸಿನ ಕಲೆರ್ನ್‌ನಲ್ಲಿ ಒಂದು ಮೀಟರಿನ ದೂರದರ್ಶಕದಿಂದ ನಕ್ಷತ್ರದ ಫೋಟಾನುಗಳನ್ನು ಒಂದೊಂದಾಗಿ ಎಣಿಸಿದರು. ಪ್ರತಿಯೊಂದು ಬಂದ ಹೊತ್ತೂ ನ್ಯಾನೋಸೆಕೆಂಡಿಗಿಂತ ನಿಖರ. ಫೋಟಾನುಗಳು ಜೊತೆಜೊತೆಯಾಗಿ ಬರುವುದು ಕಂಡೇಬಿಟ್ಟಿತು! 2019ರ ಡಿಸೆಂಬರಿನಲ್ಲಿ ಅಮೆರಿಕದ ವೆರಿಟಾಸ್, ತನ್ನ 12 ಮೀಟರಿನ ನಾಲ್ಕು ದೂರದರ್ಶಕಗಳಿಂದ ನಾರಾಬ್ರಿ ಪಟ್ಟಿಯಲ್ಲೇ ಇದ್ದ ಎರಡು ನಕ್ಷತ್ರಗಳನ್ನು ಮತ್ತೆ ಅಳೆಯಿತು.

ನೋಡಿ, "ನಂಟು ಇಲ್ಲ" ಎಂದವರೂ ಫೋಟಾನುಗಳನ್ನೇ ಎಣಿಸಿದ್ದರು. ನಂಟು ಅಲ್ಲೇ ಇತ್ತು, ಅದನ್ನು ಕಾಣುವಷ್ಟು ಸೂಕ್ಷ್ಮತೆ ಅವರ ಉಪಕರಣಗಳಿಗೆ ಇರಲಿಲ್ಲ, ಅಷ್ಟೇ.